ಉಳಿದ ಮಾತ್ರೆ ಯಾರದು?

ಪುಣೆಯಲ್ಲಿ ನಾನಿರುವ ಸೊಸೈಟಿಯ ಕನ್ನಡಿಗರ ವಾಟ್ಸ್ಯಾಪ್ ಗುಂಪಿಗೆ ಮಳೆಗಾಲ ಬಂತೆಂದರೆ ಒಂದು ಸಂದೇಶ ತಪ್ಪದೆ ಬರುತ್ತದೆ. 'ಯಾರ ಹತ್ರ ಆದ್ರೂ 625 ಇದೆಯಾ? ಗಂಟಲು ತುಂಬ ನೋವು.' ಯಾವುದರ 625 ಎಂದು ಯಾರೂ ಕೇಳುವುದಿಲ್ಲ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಕ್ಲಾವುಲಾನಿಕ್ ಆಮ್ಲ 125 ಮಿಲಿಗ್ರಾಂ ಸೇರಿದ ಆ ಮಾತ್ರೆ ಈಗ ಬರೀ ಸಂಖ್ಯೆಯಿಂದಲೇ ಮನೆಮಾತಾಗಿದೆ. ಐದು ನಿಮಿಷದೊಳಗೆ ಎರಡು ಮೂರು ಉತ್ತರ. 'ನಮ್ಮಲ್ಲಿ ನಾಲ್ಕು ಉಳಿದಿವೆ, ಬಂದು ತಗೊಳ್ಳಿ.' 'ನನ್ನ ಹತ್ರ 375 ಇದೆ, ಎರಡು ಒಟ್ಟಿಗೆ ತಗೊಂಡ್ರೆ ಆಯ್ತು.' ಇನ್ನೊಬ್ಬರು, 'ಊಟ ಆದ್ಮೇಲೆ ತಗೊಳ್ಳಿ ಸರ್, ಇಲ್ಲಾಂದ್ರೆ ಹೊಟ್ಟೆ ಕೆಡುತ್ತೆ.' ಕೊನೆಗೆ ಸಾಲಾಗಿ ಕೈಮುಗಿದ ಚಿತ್ರಗಳು.

ಇದನ್ನು ನೋಡಿ ನಗುವುದು ಸುಲಭ, ನನಗೆ ನಗು ಬರುವುದಿಲ್ಲ. ಊರು ಬಿಟ್ಟು ಬಂದವರಿಗೆ ಈ ಗುಂಪೇ ಅಕ್ಕಪಕ್ಕದ ಮನೆ. ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು, ಫ್ಯಾನು ಒರೆಸಲು ಏಣಿ ಕೇಳುವ ಹಾಗೆಯೇ ಮಾತ್ರೆ ಕೇಳುತ್ತೇವೆ. ಕೇಳಿದವರಿಗೆ ಇಲ್ಲವೆನ್ನಬಾರದು ಎಂದು ಕಲಿತು ಬೆಳೆದವರು ಇಲ್ಲವೆನ್ನುವುದಾದರೂ ಹೇಗೆ? ಆದರೂ ಆ ನಾಲ್ಕು ಮಾತ್ರೆಗಳ ವಿಷಯದಲ್ಲಿ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅವನ್ನು ದುಡ್ಡು ಕೊಟ್ಟು ಕೊಂಡವರು ಅವರೇ. ಹಾಗೆಂದು ಕೊಡುವ ಹಕ್ಕೂ ಅವರದೇ ಆಯಿತೇ?

ಹೆಪ್ಪಿನ ಮೊಸರನ್ನೇ ನೋಡಿ. ಅದೂ ಬ್ಯಾಕ್ಟೀರಿಯಾ ವ್ಯವಹಾರವೇ. ಒಂದು ಚಮಚ ಕೊಟ್ಟರೆ ಕೊಟ್ಟ ಮನೆಯಲ್ಲಿ ಕಡಿಮೆಯಾಗುವುದಿಲ್ಲ, ತೆಗೆದುಕೊಂಡ ಮನೆಯಲ್ಲಿ ಪಾತ್ರೆ ತುಂಬುತ್ತದೆ. ಆಂಟಿಬಯಾಟಿಕ್ಕಿನ ಲೆಕ್ಕ ಇದಕ್ಕೆ ತಿರುಗುಮುರುಗು. ಬಳಸಿದಷ್ಟೂ ಅದರ ಶಕ್ತಿ ಒಂದಿಷ್ಟು ಸವೆಯುತ್ತದೆ. ಆ ಸವೆತ ಬಳಸಿದವನ ಖಾತೆಗೆ ಮಾತ್ರ ಬೀಳುವುದಿಲ್ಲ.

ಈ ಔಷಧ ಒಂದು ಕಾಲದಲ್ಲಿ ಎಷ್ಟು ದುರ್ಲಭವಾಗಿತ್ತು ಎಂಬುದು ನಮಗೆ ಮರೆತೇಹೋಗಿದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಅದನ್ನು ಕಂಡರೂ ಔಷಧದ ರೂಪಕ್ಕೆ ತಂದದ್ದು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು. 1941ರ ಫೆಬ್ರವರಿಯಲ್ಲಿ ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟರು. ಮುಖವೆಲ್ಲ ಕೀವು ತುಂಬಿ, ಒಂದು ಕಣ್ಣು ಹೋಗಿ ಸಾಯುವ ಸ್ಥಿತಿಯಲ್ಲಿದ್ದ ಮನುಷ್ಯ ನಾಲ್ಕೈದು ದಿನದಲ್ಲಿ ಚೇತರಿಸಿಕೊಂಡ. ಅಷ್ಟರಲ್ಲಿ ಔಷಧ ಮುಗಿಯುತ್ತ ಬಂದಿತ್ತು. ಅವನ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಅವನಿಗೇ ಕೊಟ್ಟರು. ಅದೂ ಸಾಲದೆ ಮಾರ್ಚಿನಲ್ಲಿ ಅವನು ತೀರಿಕೊಂಡ. ಇಡೀ ಜಗತ್ತಿನಲ್ಲಿ ಆಗ ಒಬ್ಬನನ್ನು ಉಳಿಸುವಷ್ಟೂ ಪೆನಿಸಿಲಿನ್ ಇರಲಿಲ್ಲ.

ಹದಿಮೂರು ವರ್ಷ ಕಳೆಯುವಷ್ಟರಲ್ಲಿ, 1954ರಲ್ಲಿ, ನಾವು ದಿನಾ ಓಡಾಡುವ ಪಿಂಪ್ರಿಯಲ್ಲೇ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳ ನೆರವಿನಿಂದ ಸರ್ಕಾರ ಕಟ್ಟಿದ್ದು. ಮರುವರ್ಷ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಹಿಂಜವಡಿಯ ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಎಚ್.ಎ. ಕಾಲೊನಿ ಎಂದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಕಾಣುವ ಮರಗಳಷ್ಟೇ. ಆಗಷ್ಟೇ ಸ್ವತಂತ್ರವಾದ ಬಡ ದೇಶವೊಂದು 'ಈ ಔಷಧ ನಮ್ಮ ಜನಕ್ಕೆ ಅಗ್ಗವಾಗಿ ಸಿಗಬೇಕು' ಎಂದು ಹಟ ತೊಟ್ಟ ಜಾಗ ಅದು. ಉಳಿದ ಮಾತ್ರೆಯ ಪ್ರಶ್ನೆಯನ್ನು ಇಂದು ನಾನು ಕೇಳಲು ಸಾಧ್ಯವಾಗಿರುವುದು ಅಂಥ ಹಟಗಳು ಗೆದ್ದದ್ದರಿಂದ. ಉಳಿಯುವಷ್ಟು ಮಾತ್ರೆ ಈಗ ಇದೆ.

1945ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಭಾಷಣದ ಕೊನೆಯಲ್ಲಿ ಫ್ಲೆಮಿಂಗ್ ಒಂದು ಕಲ್ಪಿತ ಕಥೆ ಹೇಳಿದ. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಸ್ಟ್ರೆಪ್ಟೊಕಾಕಸ್ ಸಾಯದೆ ಔಷಧಕ್ಕೆ ಬಗ್ಗದಿರುವುದನ್ನು ಕಲಿಯುತ್ತದೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ನಾಟದೆ ಆಕೆ ಸಾಯುತ್ತಾಳೆ. ಆಕೆಯ ಸಾವಿಗೆ ಹೊಣೆ ಯಾರು ಎಂದು ಫ್ಲೆಮಿಂಗ್ ಕೇಳಿ, ಗಂಡನ ಅಜಾಗರೂಕತೆಯೇ ಎಂದು ತಾನೇ ಉತ್ತರಿಸಿದ. ಗಂಟಲು ನೋವಿಗೆ 625 ಕೇಳುವ ನಮ್ಮ ಗುಂಪಿಗೆಂದೇ ಬರೆದಂತಿದೆ!

ವಿಚಿತ್ರವೆಂದರೆ ಕಥೆಯ ನೀತಿ ಸರಿಯಾಗಿದ್ದರೂ ಪಾತ್ರಧಾರಿಯ ಆಯ್ಕೆ ತಪ್ಪಿತು. ಗಂಟಲಿಗೆ ಬರುವ ಆ ಸ್ಟ್ರೆಪ್ಟೊಕಾಕಸ್ ಮಾತ್ರ ಎಂಬತ್ತು ವರ್ಷವಾದರೂ ಇವತ್ತಿಗೂ ಪೆನಿಸಿಲಿನ್ನಿಗೆ ಮಣಿಯುತ್ತಲೇ ಇದೆ. ಪಾಠ ಕಲಿತದ್ದು ಬೇರೆಯವು. ಚರ್ಮದ ಹುಣ್ಣಿನ ಸ್ಟ್ಯಾಫಿಲೊಕಾಕಸ್ 1940ರ ದಶಕದಲ್ಲೇ ತಿರುಗಿಬಿತ್ತು. ಮೂತ್ರದ ಸೋಂಕು ತರುವ ಇ. ಕೋಲಿಯ ಮುಂದೆ ಬರೀ ಅಮಾಕ್ಸಿಸಿಲಿನ್ನನ್ನು ನಂಬಿ ಕೊಡುವ ಕಾಲ ಯಾವಾಗಲೋ ಹೋಯಿತು. ಪೆನಿಸಿಲಿನ್ನನ್ನು ತುಂಡರಿಸುವ ಕಿಣ್ವವನ್ನು ಇವು ತಯಾರಿಸುತ್ತವೆ. ಆ ಕಿಣ್ವಕ್ಕೆ ತನ್ನನ್ನೇ ಬಲಿಕೊಟ್ಟು ಅಮಾಕ್ಸಿಸಿಲಿನ್ನನ್ನು ಕಾಪಾಡುವುದು ಕ್ಲಾವುಲಾನಿಕ್ ಆಮ್ಲದ ಕೆಲಸ. ಅಂದರೆ 625ರೊಳಗಿನ ಆ 125 ನಾವು ಹಿಂದೆ ಮಾಡಿದ ಸಾಲದ ಬಡ್ಡಿ. ನಾವು ತಿನ್ನುವ ಪ್ರತಿ ಮಾತ್ರೆಯಲ್ಲೂ ಬಡ್ಡಿ ಕಟ್ಟುತ್ತಿದ್ದೇವೆ, ಅದರ ಹೆಸರು ಭೇದಿ. ಬರೀ ಅಮಾಕ್ಸಿಸಿಲಿನ್ನಿಗಿಂತ ಈ ಜೋಡಿಮಾತ್ರೆ ಹೊಟ್ಟೆ ಕೆಡಿಸುವುದು ಹೆಚ್ಚು. ಊಟದ ಆರಂಭದಲ್ಲಿ ತೆಗೆದುಕೊಳ್ಳಿ ಎನ್ನುವುದು ಅದಕ್ಕೇ. ಗಂಟಲಿನ ಸ್ಟ್ರೆಪ್ಟೊಕಾಕಸ್‌ಗೆ ಆ ಕಿಣ್ವವೇ ಇಲ್ಲದ ಕಾರಣ ಅಲ್ಲಿ 125ರ ಅಗತ್ಯವೂ ಇಲ್ಲ. ಇನ್ನು ಹೆಚ್ಚಿನ ಗಂಟಲು ನೋವುಗಳು ವೈರಸ್ಸಿನವು. ಅವಕ್ಕೆ 500ರ ಅಗತ್ಯವೂ ಇಲ್ಲ.

375 ಎರಡು ನುಂಗಿದರಾಯಿತು ಎಂದ ಸ್ನೇಹಿತರ ಲೆಕ್ಕವೂ ಇಲ್ಲೇ ತಪ್ಪುತ್ತದೆ. 375 ಎಂದರೆ 250 ಅಮಾಕ್ಸಿಸಿಲಿನ್, ಜೊತೆಗೆ ಅದೇ 125. ಎರಡು ನುಂಗಿದರೆ 500 ಸಿಗುವುದೇನೋ ನಿಜ, ಕ್ಲಾವುಲಾನಿಕ್ ಆಮ್ಲ ಮಾತ್ರ ಇಮ್ಮಡಿ. ಇಂಜಿನಿಯರುಗಳೇ ತುಂಬಿದ ಗುಂಪಿನಲ್ಲಿ ಈ ಕೂಡುವ ಲೆಕ್ಕವನ್ನು ಯಾರೂ ಮಾಡುವುದಿಲ್ಲ. ಸ್ಟ್ರಿಪ್ಪಿನ ಹಿಂಭಾಗ ಓದುವ ವ್ಯವಧಾನ ನಮಗಿಲ್ಲ, ಆಫೀಸಿನಲ್ಲಿ ಮಾತ್ರ ಇನ್ನೂರು ಪುಟದ ಒಪ್ಪಂದ ಓದುತ್ತೇವೆ.

ಡಾಕ್ಟರು ಚೀಟಿ ಬರೆಯುವ ಮುನ್ನ ಕೇಳುವ ಪ್ರಶ್ನೆಗಳನ್ನು ನೆನಪಿಸಿಕೊಳ್ಳಿ. ಹಿಂದೆ ಪೆನಿಸಿಲಿನ್ ತೆಗೆದುಕೊಂಡಾಗ ಮೈಮೇಲೆ ಪಿತ್ತಗಂಧೆ ಎದ್ದಿತ್ತೇ? ತುಟಿ, ಮುಖ ಊದಿಕೊಂಡಿತ್ತೇ? ಉಸಿರು ಕಟ್ಟಿತ್ತೇ? ಮೂತ್ರಪಿಂಡದ ತೊಂದರೆ ಇದೆಯೇ? ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದೀರಾ? ಮಾತ್ರೆ ಕೈ ಬದಲಿಸಿದಾಗ ಈ ಪ್ರಶ್ನೆಗಳು ಜೊತೆಗೆ ಹೋಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ತೀವ್ರವಾದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಆಗ ಮುಂದಿನ ಮಾತ್ರೆ ನಿಲ್ಲಿಸಿ ನೇರವಾಗಿ ತುರ್ತು ಚಿಕಿತ್ಸೆಗೆ ಓಡಬೇಕು. ರಾತ್ರಿ ಹತ್ತಕ್ಕೆ ಗೆಳೆಯನಿಂದ ಮಾತ್ರೆ ಇಸಿದುಕೊಂಡು, ಬಾಡಿಗೆ ಮನೆಯಲ್ಲಿ ಒಬ್ಬನೇ ಮಲಗಿರುವ ಹುಡುಗನ ಪಕ್ಕದಲ್ಲಿ ಆಗ ಯಾರಿರುತ್ತಾರೆ?

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಅಮೆರಿಕದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯ ದಾಖಲೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಎಂದಿದೆ. ಕ್ರಮವಾಗಿ ಪರೀಕ್ಷಿಸಿದಾಗ ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಜನ ಪೆನಿಸಿಲಿನ್ನನ್ನು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಮಗುವಾಗಿದ್ದಾಗ ವೈರಸ್ ಜ್ವರದಲ್ಲಿ ಎದ್ದ ದದ್ದು ಮಾತ್ರೆಯ ತಲೆಗೆ ಕಟ್ಟಲ್ಪಟ್ಟು ಜೀವನಪರ್ಯಂತ ಉಳಿದುಬಿಡುತ್ತದೆ. ಅಂಥವರಿಗೆ ಸರಳ ಪೆನಿಸಿಲಿನ್ ಸಾಕಾಗುವಲ್ಲೂ ಬಲವಾದ ಬೇರೆ ಆಂಟಿಬಯಾಟಿಕ್ ಹೋಗುತ್ತದೆ. ಹಾಗಾಗಿ 'ಹೆದರಿ ದೂರವಿಡಿ' ಎಂಬ ಉಪದೇಶವೂ ನನಗೆ ಒಪ್ಪಿಗೆಯಿಲ್ಲ. ಯಾವ ಮಾತ್ರೆಗೆ, ಎಷ್ಟು ವರ್ಷದವರಿದ್ದಾಗ, ಏನಾಯಿತು ಎಂದು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸುವುದು ಸುಮ್ಮನೆ 'ಅಲರ್ಜಿ' ಎನ್ನುವುದಕ್ಕಿಂತ ಎಷ್ಟೋ ಮೇಲು.

ನಾಲ್ಕು ಮಾತ್ರೆ ಉಳಿಯುವುದಾದರೂ ಯಾಕೆ? ಕೆಲವೊಮ್ಮೆ ಮೆಡಿಕಲ್ ಶಾಪಿನವನು ಸ್ಟ್ರಿಪ್ ಕತ್ತರಿಸಿ ಕೊಡಲೊಪ್ಪುವುದಿಲ್ಲ. ಇನ್ನು ಕೆಲವೊಮ್ಮೆ ಜ್ವರ ಬಿಟ್ಟಿತೆಂದು ನಾವೇ ನಿಲ್ಲಿಸುತ್ತೇವೆ. 'ಕೋರ್ಸ್ ಮುಗಿಸಿ' ಎಂಬುದು ವೇದವಾಕ್ಯ ಎಂದೇ ನಾವು ಬೆಳೆದದ್ದು. ಆದರೆ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಕೆಲವು ತಜ್ಞರು ಈ ವಾಕ್ಯಕ್ಕೆ ಆಧಾರ ತೀರ ತೆಳು ಎಂದು ಬರೆದರು. ಅನಗತ್ಯವಾಗಿ ದಿನ ಹೆಚ್ಚಿಸಿದಷ್ಟೂ ಕರುಳಲ್ಲಿ, ಚರ್ಮದ ಮೇಲೆ ಸುಮ್ಮನಿರುವ ಬ್ಯಾಕ್ಟೀರಿಯಾಗಳೂ ಔಷಧವನ್ನು ಎದುರಿಸಲು ಕಲಿಯುತ್ತವೆ ಎಂಬುದು ಅವರ ವಾದ. ಅದಕ್ಕೂ ಮೊದಲು, 2004ರಲ್ಲಿ, ನಮ್ಮ ದೇಶದ್ದೇ ಆಸ್ಪತ್ರೆಗಳಲ್ಲಿ ತೀವ್ರವಲ್ಲದ ನ್ಯುಮೋನಿಯಾ ಇದ್ದ ಎರಡು ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಗಿತ್ತು. ಮೂರು ದಿನದ ಅಮಾಕ್ಸಿಸಿಲಿನ್ ಐದು ದಿನದ್ದಕ್ಕೆ ಸಮನಾಗಿಯೇ ಕೆಲಸ ಮಾಡಿತ್ತು.

ಹಾಗಾದರೆ ಜ್ವರ ಬಿಟ್ಟೊಡನೆ ನಿಲ್ಲಿಸಬಹುದೇ? ಅದೂ ಅಲ್ಲ. ಸ್ಟ್ರೆಪ್ಟೊಕಾಕಸ್ ಗಂಟಲಿಗೆ ಬಾಯಿಯ ಮೂಲಕ ಪೆನಿಸಿಲಿನ್ ಕೊಡುವಾಗ ಹತ್ತು ದಿನ ಎನ್ನುವುದು ಗಂಟಲಿಗಾಗಿ ಅಲ್ಲ, ಹೃದಯಕ್ಕಾಗಿ. ಗಂಟಲು ಮೂರು ನಾಲ್ಕು ದಿನದಲ್ಲಿ ತಾನೇ ಸರಿಹೋಗಬಹುದು. ಬ್ಯಾಕ್ಟೀರಿಯಾ ಉಳಿದುಕೊಂಡರೆ ಕೆಲವು ಮಕ್ಕಳಿಗೆ ಕೆಲವು ವಾರದ ನಂತರ ಸಂಧಿವಾತ ಜ್ವರ ಬರುತ್ತದೆ, ಅದು ಹೃದಯದ ಕವಾಟ ತಿನ್ನುತ್ತದೆ. ಎಲ್ಲಿ ಮೂರು ದಿನ ಸಾಕು, ಎಲ್ಲಿ ಹತ್ತು ದಿನ ಬೇಕು ಎಂಬುದು ಮೈಗೆ ಹಗುರವೆನಿಸಿದ ಮಾತ್ರಕ್ಕೆ ತಿಳಿಯುವುದಿಲ್ಲ. ಬೇಗ ನಿಲ್ಲಿಸಬಹುದೇ ಎಂದು ಬರೆದುಕೊಟ್ಟವರನ್ನೇ ಫೋನು ಮಾಡಿ ಕೇಳಿ, ಅವರ ಮಾತಿನಂತೆ ನಡೆಯುವುದೊಂದೇ ದಾರಿ. ಹೊತ್ತಿನ ಮಾತೂ ಇಷ್ಟೇ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆಲ್ಲ ಅರ್ಧಕ್ಕಿಳಿಯುತ್ತದೆ, ಅದಕ್ಕೇ ಎಂಟು ಗಂಟೆಗೊಮ್ಮೆ ಎನ್ನುವುದು. ಮರೆತದ್ದನ್ನು ಸೇರಿಸಿ ಎರಡು ಒಟ್ಟಿಗೆ ನುಂಗಿದರೆ ಬಿಟ್ಟುಹೋದ ಹೊತ್ತು ವಾಪಸು ಬರುವುದಿಲ್ಲ.

ನಮ್ಮ ಚಿಕ್ಕಮ್ಮನಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಆಕೆಗೆ ಗಂಟಲು ನೋವು ಬಂದು ಹೋಯಿತಂತೆ, ಯಾರೂ ಲಕ್ಷ್ಯ ಮಾಡಲಿಲ್ಲ. ಆಮೇಲೆ ಮಂಡಿ ಊದಿ, ಜ್ವರ ಬಂದು, ಕೊನೆಗೆ ಹೃದಯದ ಕವಾಟ ಕೆಟ್ಟಿತು. ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿ. ಸೂಜಿಮದ್ದು ಸಿಗದ ಕಾಲದಲ್ಲಿ ಬೆಳಿಗ್ಗೆ ಸಂಜೆ ಪೆನಿಸಿಲಿನ್ ಮಾತ್ರೆ. ಮತ್ತೊಮ್ಮೆ ಸ್ಟ್ರೆಪ್ಟೊಕಾಕಸ್ ತಗಲಬಾರದೆಂದು, ಕಾಯಿಲೆಯೇ ಇಲ್ಲದ ದಿನಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಸೂಜಿಯ ದಿನಕ್ಕೆ ಸುತ್ತು ಹಾಕಿರುತ್ತಾರೆ.

ಈ ಚಿಕ್ಕಮ್ಮನನ್ನು ಮುಂದೆ ನಿಲ್ಲಿಸಿ 'ನೀವು ಸುಮ್ಮನೆ ಮಾತ್ರೆ ತಿಂದರೆ ಆಕೆಗೆ ಔಷಧ ನಾಟದೆ ಹೋಗುತ್ತದೆ' ಎಂದರೆ ಗುಂಪಿನವರು ಮರುಮಾತಾಡದೆ ಒಪ್ಪಿಯಾರು. ಆದರೆ ಅದು ನಿಜವಲ್ಲ. ಆಕೆ ಹೆದರುವ ಬ್ಯಾಕ್ಟೀರಿಯಾ, ಆಗಲೇ ಹೇಳಿದಂತೆ, ಇನ್ನೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಇದು ಯಾರ ಪುಣ್ಯವೂ ಅಲ್ಲ, ಆ ಜೀವಿಯ ಸ್ವಭಾವ. ನಮ್ಮ ಉದಾಸೀನದಿಂದ ಪೆಟ್ಟು ತಿನ್ನುವವರು ಬೇರೆ. ಕರುಳಿನ ಬ್ಯಾಕ್ಟೀರಿಯಾ ಒಂದೇ ಸೂರಿನಡಿ ಇರುವವರ ನಡುವೆ ಓಡಾಡುತ್ತದೆ. ನಾಳೆ ಮೂತ್ರದ ಸೋಂಕಿನಿಂದ ಆಸ್ಪತ್ರೆ ಸೇರುವ ಅತ್ತೆ, ಅವಧಿಗೆ ಮುನ್ನ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ ಯಾರದೋ ಕೂಸು. ಪ್ರತಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಅವರಲ್ಲಿ ಒಬ್ಬರ ಸಾವನ್ನೂ ಯಾವುದೋ ಒಂದು ನಿರ್ದಿಷ್ಟ ಮಾತ್ರೆಯವರೆಗೆ ಹಿಂದಕ್ಕೆ ಹೋಗಿ ಹಿಡಿಯಲಾಗದು. ಫ್ಲೆಮಿಂಗನ ಕಥೆಯಲ್ಲಿ ಗಂಡ, ಹೆಂಡತಿ ಇಬ್ಬರೂ ಒಂದೇ ಮನೆಯಲ್ಲಿದ್ದುದರಿಂದ ಹೊಣೆ ಹೊರಿಸುವುದು ಸಲೀಸಾಯಿತು. ನಮ್ಮ ಕಷ್ಟ ಅದಲ್ಲ. ಮುಖವೇ ಕಾಣದವರಿಗೆ ನಾವು ಏನನ್ನು ಕೊಡಬೇಕಾಗಿದೆ?

ನಮ್ಮೂರಿನ ಕೆರೆಗೆ ನೀರುಗಂಟಿ ಇದ್ದ. ತೂಬು ಎತ್ತುವ ಅಧಿಕಾರ ಅವನೊಬ್ಬನದೇ. ಗೌಡರ ಗದ್ದೆಯಾದರೂ ಸರದಿ ಬರುವ ತನಕ ಕಾಯಬೇಕಿತ್ತು. ಡಾಕ್ಟರ ಚೀಟಿ ಎಂಬುದು ಇಂಥದೇ ತೂಬು ಎಂದು ನಾನು ತಿಳಿದಿದ್ದೇನೆ. ಅಮಾಕ್ಸಿಸಿಲಿನ್ ಶೆಡ್ಯೂಲ್ ಎಚ್‌ನಲ್ಲಿದೆ, ಚೀಟಿಯಿಲ್ಲದೆ ಮಾರುವ ಹಾಗಿಲ್ಲ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ಗಮನಿಸಿ ಎಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತು. ಆದರೆ ಕೆರೆಯ ನೀರು ಇಳಿದರೆ ಕಣ್ಣಿಗೆ ಕಾಣುತ್ತಿತ್ತು, ಏರಿಯ ಕಲ್ಲಿನ ಮೇಲೆ ಗುರುತಿರುತ್ತಿತ್ತು. ಇಲ್ಲಿ ಅಂಥ ಕಲ್ಲಿಲ್ಲ. ಜೊತೆಗೆ ನೀರುಗಂಟಿಯೇ ತೂಬು ಸಡಿಲ ಬಿಡುತ್ತಾನೆ. ನೆಗಡಿಗೆ ಹೋದವನು ಬರಿಗೈಲಿ ವಾಪಸು ಬಂದರೆ ಆ ಡಾಕ್ಟರು ಸರಿಯಿಲ್ಲ ಎನ್ನುವವರು ನಾವೇ ಆದ್ದರಿಂದ ಪೂರ್ತಿ ಅವರ ಮೇಲೆ ಹಾಕುವಂತಿಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಮುಜುಗರ ಕಾಡುತ್ತದೆ. ನಮ್ಮ ಸೊಸೈಟಿಯ ಹಿಂದೆ ಏಳುತ್ತಿರುವ ಕಟ್ಟಡದಲ್ಲಿ ಯಾದಗಿರಿ, ಕಲಬುರಗಿ ಕಡೆಯ ಕೂಲಿಯವರಿದ್ದಾರೆ. ಸಂಜೆ ಹಾಲಿನ ಅಂಗಡಿಯ ಮುಂದೆ ಅವರ ಕನ್ನಡ ಕೇಳಿಸುತ್ತದೆ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಅವರಿಲ್ಲ. ಮಗುವಿಗೆ ಜ್ವರ ಬಂದರೆ ಕ್ಲಿನಿಕ್ಕಿನ ಫೀಸು, ಆ ದಿನದ ಕೂಲಿ ಎರಡೂ ಹೋಗುತ್ತವೆ. ಮೆಡಿಕಲ್ ಶಾಪಿನವನೇ ಅವರ ಡಾಕ್ಟರು. ಸಮಯಕ್ಕೆ ಸರಿಯಾಗಿ ಅಮಾಕ್ಸಿಸಿಲಿನ್ ಸಿಗದೆ ನ್ಯುಮೋನಿಯಾದಿಂದ ಸಾಯುವ ಮಕ್ಕಳು ಈ ದೇಶದಲ್ಲಿ ಇನ್ನೂ ಇದ್ದಾರೆ. ಅವರಪ್ಪನ ಮುಂದೆ ನಿಂತು ತೂಬು, ನೀರುಗಂಟಿ ಎಂದು ಭಾಷಣ ಬಿಗಿಯಲು ನನಗೆ ಯಾವ ಯೋಗ್ಯತೆ ಇದೆ? ಕಂಪನಿ ಕೊಟ್ಟ ಆರೋಗ್ಯ ವಿಮೆ, ಫೋನಿನಲ್ಲೇ ಡಾಕ್ಟರನ್ನು ಕರೆಯುವ ಆ್ಯಪ್, ಕರೆದರೆ ಬರುವ ಕ್ಯಾಬು ಇರುವವರಿಗೂ ಅವರಿಗೂ ಒಂದೇ ನೀತಿ ಹೇಳಲಾಗದು. ಕೇಳಿ ತಿಳಿಯುವ ಅನುಕೂಲ ಯಾರಿಗಿದೆಯೋ ಅವರ ಮೇಲೆ ಕೇಳುವ ಭಾರವೂ ಹೆಚ್ಚು. ನನ್ನ ಲೆಕ್ಕದಲ್ಲಿ ಆ ಭಾರ ಬಹುಪಾಲು ನಮ್ಮ ಗುಂಪಿನದು.

ಈಚೆಗೆ ಗುಂಪಿನಲ್ಲಿ 625ರ ಕೇಳಿಕೆ ಬಂದಾಗ ನಾನು ಬರೆಯುವುದು ಇಷ್ಟು: 'ಮಾತ್ರೆ ಬೇಡ, ಕಾರು ತರ್ತೀನಿ, ಡಾಕ್ಟರ ಹತ್ರ ಹೋಗೋಣ.' ಕೊಡುವುದನ್ನು ನಿಲ್ಲಿಸಿ ಎಂದು ನಮ್ಮವರಿಗೆ ಹೇಳಿದರೆ ನಡೆಯುವುದಿಲ್ಲ, ಬೇರೇನಾದರೂ ಕೊಡಬೇಕು. ಮಾತ್ರೆ ಕೊಡಲು ಎರಡು ನಿಮಿಷ ಸಾಕು, ಇದಕ್ಕೆ ಎರಡು ಗಂಟೆ ಬೇಕು. ಹುಬ್ಬಳ್ಳಿಯ ಗೆಳೆಯರೊಬ್ಬರು ತಿರುಗಿ ಬರೆದರು: 'ಸರ, ನೀವು ಮೀಟಿಂಗ್ ಮುಗಿಸಿ ಬರೋದ್ರಾಗ ಗಂಟಲು ತಾನ ಆರಾಮ ಆಗಿರ್ತದ.' ಗೇಲಿಗೆ ಹೇಳಿದ್ದಾದರೂ ಆ ಮಾತಿನಲ್ಲಿ ವೈದ್ಯಶಾಸ್ತ್ರವಿದೆ. ಹೆಚ್ಚಿನವರದು ಉಪ್ಪುನೀರು, ಪ್ಯಾರಾಸಿಟಮಾಲ್ ಸಾಕಾಗಿ ಒಂದು ವಾರದಲ್ಲಿ ಆರಾಮ ಆಗಿಯೇ ಆಗುತ್ತದೆ.

ಕಳೆದ ತಿಂಗಳು ಚಿಕ್ಕಮ್ಮ ಫೋನು ಮಾಡಿದ್ದರು. 'ಸೂಜಿ ಬಂದಿಲ್ಲ ಅಂತಾರೆ. ಮಾತ್ರೆನೂ ಇಲ್ಲಿ ಸಿಕ್ತಾ ಇಲ್ಲ ಕಣಪ್ಪ. ನಿಮ್ಮ ಕಡೆ ದೊಡ್ಡ ಊರು, ನೋಡ್ತೀಯಾ?' ಡಾಕ್ಟರ ಚೀಟಿಯ ಫೋಟೊ ಕಳಿಸಿದರು. ಬರೀ ಪೆನಿಸಿಲಿನ್, ಹಳೆಯ ಕಾಲದ್ದು, ಅಗ್ಗದ್ದು. ಶನಿವಾರ ವಾಕಡಿನಲ್ಲಿ ನಾಲ್ಕು ಮೆಡಿಕಲ್ ಶಾಪು ಸುತ್ತಿದೆ. ಮೂರರಲ್ಲಿ ಹೆಸರು ಕೇಳಿಯೇ ತಲೆಯಾಡಿಸಿದರು. ನಾಲ್ಕನೆಯವನು ಚೀಟಿಯನ್ನು ನೋಡದೆ 625ರ ಸ್ಟ್ರಿಪ್ ಒಂದನ್ನು ಗಾಜಿನ ಮೇಲಿಟ್ಟು, ಅದಕ್ಕಿಂತ ಇದು ಸ್ಟ್ರಾಂಗು, ಇದನ್ನೇ ಕೊಡಿ ಎಂದ. ಪಿಂಪ್ರಿಯ ಹಳೆಯ ಅಂಗಡಿಯೊಂದರಲ್ಲಿ ಕನ್ನಡಕದ ಮುದುಕರೊಬ್ಬರು ಮಾತ್ರ ಚೀಟಿಯನ್ನು ಪೂರ್ತಿ ಓದಿ, ರೋಗಿಯ ವಯಸ್ಸು ಕೇಳಿ, ಯಾವುದೋ ವಿತರಕನಿಗೆ ಫೋನು ಹಚ್ಚಿದರು. ಗುರುವಾರ ಬರುತ್ತದೆ ಎಂದು ಒಂದು ಕಾಗದದ ಚೂರಿನಲ್ಲಿ ಬರೆದುಕೊಟ್ಟರು.